ಗೋವಾದ ಗದ್ದೆಯ ತೆನೆ

"ನಮ್ಮೂರ ಚರ್ಚಲ್ಲಿ ಪ್ರಾರ್ಥನೆ ಮಾಡಿಸಿದ ಭತ್ತದ ತೆನೆ ಅಮ್ಮಾ, ನಿಮ್ಮ ಬಾಗಿಲಿಗೆ ಆಗುತ್ತಾ?"

ಗೋವಾದ ತವರಿನಿಂದ ಆಗಷ್ಟೇ ಮಲ್ಲೇಶ್ವರಕ್ಕೆ ಮರಳಿದ್ದ ಪಕ್ಕದ ಮನೆಯ ಮರಿಯಾ ನನ್ನ ಅತ್ತೆಯನ್ನು ಅಳುಕುತ್ತಲೇ ಕೇಳಿದರು. ಗಣೇಶನ ಹಬ್ಬಕ್ಕೆ ಬಾಗಿಲಿಗೆ ಹೊಸ ತೆನೆ ಕಟ್ಟುವುದು ಅತ್ತೆಯ ಕೊಂಕಣಿ ಮನೆತನದ ಪದ್ಧತಿ. ಈ ಸಲ ಮಾರ್ಕೆಟ್ಟಿನಲ್ಲಿ ಎಲ್ಲೂ ಸಿಕ್ಕಿರಲಿಲ್ಲ. ಆದರೆ ಪೋರ್ಚುಗೀಸರ ಕಾಲದಲ್ಲಿ ಮತಾಂತರಕ್ಕೆ ಹೆದರಿ ಹಿರಿಯರು ದೇವರನ್ನು ಹೊತ್ತು ಗೋವಾ ಬಿಟ್ಟು ಓಡಿಬಂದ ಕಥೆಯನ್ನು ಅತ್ತೆ ಇವತ್ತಿಗೂ ಸಿಟ್ಟಿನಿಂದಲೇ ಹೇಳುತ್ತಾರೆ. ನಾನು ಅತ್ತೆಯ ಮುಖವನ್ನೇ ನೋಡುತ್ತಾ ನಿಂತೆ.

ಗೋವಾವನ್ನು ಕಂಡೇ ಇರದ ಅತ್ತೆ ತೆನೆಯನ್ನು ಮೂಸಿದರು, ಕಣ್ಣಿಗೊತ್ತಿಕೊಂಡರು. ಆಮೇಲೆ ನನ್ನತ್ತ ತಿರುಗಿ, "ನೋಡ್ತಾ ನಿಂತ್ಯಲ್ಲೇ, ದಾರ ತಗೊಂಡ್ಬಾ. ನಮ್ಮೂರ ಗದ್ದೇದು ಇದು" ಎಂದರು.

ಒಣಗಿದ ತೆನೆ ಇನ್ನೂ ಬಾಗಿಲಲ್ಲಿದೆ. ಹಳೆಯ ಕಥೆ ಹೇಳುವಾಗ ಅತ್ತೆಯ ದನಿ ಈಗ ತಗ್ಗುತ್ತದೆ, ಮರಿಯಾ ಊರಲ್ಲಿಲ್ಲದ ದಿನವೂ.