ಊಟಕ್ಕೆ ಬಾರದ ಬಸುರಿಯರು

ಬಸುರಿಯರು ಅಂಗನವಾಡಿಯ ಮಧ್ಯಾಹ್ನದ ಊಟಕ್ಕೆ ಯಾಕೆ ಬರುವುದಿಲ್ಲ ಎಂದು ಕೇಳಿಕೊಂಡು ಒಂದು ಮಳೆಗಾಲವಿಡೀ ಹುಣಸೂರು ತಾಲ್ಲೂಕಿನ ಹಳ್ಳಿಗಳನ್ನು ಸುತ್ತಿದ್ದೆ. ಸಂಶೋಧನಾ ಸಂಸ್ಥೆಯೊಂದರಲ್ಲಿ ಅದೇ ನನ್ನ ಕೆಲಸ. ನಾವು ಬರೆದದ್ದನ್ನು ನೋಡಿ ಸರ್ಕಾರ ಯೋಜನೆಯನ್ನು ತಿದ್ದುತ್ತದೆ ಎಂದಿದ್ದರು. ನಂಬಿದ್ದೆ.

ಕಟ್ಟೆಮಳಲವಾಡಿಯ ಆಚೆ, ಹೊಲದ ನಡುವಿನ ಮನೆಯೊಂದರ ಮುಂದೆ ಏಳು ತಿಂಗಳ ಬಸುರಿಯೊಬ್ಬಳು ಕೂತು ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದಳು. ಅಂಗೈ ತುಂಬ ಕಪ್ಪು ಅಂಟು. ನನ್ನ ಪ್ರಶ್ನೆಗೆ ನಕ್ಕಳು.

“ಊಟ ಚೆನ್ನಾಗೈತೆ ಕಣಕ್ಕ, ಮೊಟ್ಟೆನೂ ಕೊಡ್ತಾರೆ. ಆದ್ರೆ ಅಲ್ಲೇ ಕುಂತು ಉಣ್ಬೇಕಂತೆ. ಈ ಕೆಸ್ರಲ್ಲಿ ಎರಡು ಮೈಲಿ ಓಗಿ ಬರೋದ್ರೊಳಗೆ ಉಂಡಿದ್ದೆಲ್ಲ ಕರಗೋಯ್ತದೆ.”

ಒಳಗಿನಿಂದ ಅವಳ ಅತ್ತೆ ಕೂಗಿದರು: “ಡಬ್ಬಿ ತಗೊಂಡು ನಾನೇ ಓಗಿದ್ದೆ ಕಣವ್ವ. ಬಸ್ರಿನೇ ಬರ್ಬೇಕು ಅಂದ್ಬುಟ್ರು.”

ಹನಗೋಡಿನ ಕಡೆಯೂ ಇದೇ ಮಾತು. ಒಂದನ್ನೂ ಬಿಡದೆ ಬರೆದುಕೊಂಡೆ.

ಮೈಸೂರಿನ ಸಭೆಯಲ್ಲಿ ಹಿರಿಯ ಅಧಿಕಾರಿಯೊಬ್ಬರು ಗೋಡಂಬಿ ಅಗಿಯುತ್ತ ನಮ್ಮ ವರದಿಯನ್ನು ತಿರುವಿದರು. “ಮನೆಗೆ ಕೊಟ್ಟರೆ ಗಂಡಂದಿರು ತಿಂದುಬಿಡ್ತಾರೆ. ಈ ಹೆಂಗಸರಿಗೆ ತಿಳಿವಳಿಕೆ ಇಲ್ಲ, ಅಷ್ಟೇ” ಅಂದರು. ಆ ಮಾತಿಗೆ ಅವರ ಬಳಿ ಯಾವ ಪುರಾವೆಯೂ ಇರಲಿಲ್ಲ. ನಾವು ಕಂತೆಗಟ್ಟಲೆ ಪುರಾವೆ ಹೊತ್ತು ತಂದಿದ್ದೆವು. ಆದರೂ ನಮ್ಮ ಮುಖ್ಯಸ್ಥರು ಹೌದೆಂದು ತಲೆಯಾಡಿಸಿದರು. ನಾನೂ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಆ ಸಿಟ್ಟು, ಅವರಿಬ್ಬರ ಮೇಲಿನದೂ ನನ್ನ ಮೇಲಿನದೂ, ಇನ್ನೂ ಇಳಿದಿಲ್ಲ.

ವರದಿಯಿಂದ ಕೊನೆಗೆ ಹುಟ್ಟಿದ್ದು ಒಂದು ಪೋಸ್ಟರು: ನಗುವ ಬಸುರಿ, ಕೈಯಲ್ಲಿ ಸೇಬು. ಅದೇ ಹಳ್ಳಿಗಳಲ್ಲಿ ಅಂಟಿಸಲು ನನ್ನನ್ನೇ ಕಳಿಸಿದರು. ಅಷ್ಟರಲ್ಲಿ ಹೊಗೆಸೊಪ್ಪು ಕಟ್ಟುತ್ತಿದ್ದವಳಿಗೆ ಹೆರಿಗೆಯಾಗಿತ್ತು. ಮಗುವಿನ ತೂಕ ಕಡಿಮೆ. ಎರಡು ಪದರ ಬಟ್ಟೆ ಸುತ್ತಿ ಎದೆಗೆ ಒತ್ತಿಕೊಂಡಿದ್ದಳು.

“ನಾನೇಳಿದ್ದ ಬರ್ಕೊಂಡ್ರಲ್ಲಕ್ಕ?”

“ಬರ್ಕೊಂಡಿದ್ದೆ.”

“ಮತ್ತೆ ಇದ್ಯಾಕೆ ತಂದ್ರಿ?”

ಒಂದು ಪೋಸ್ಟರನ್ನೂ ಅಂಟಿಸಲಿಲ್ಲ. ಇಡೀ ಕಟ್ಟನ್ನು ಮುಖ್ಯಸ್ಥರ ಮೇಜಿನ ಮೇಲೆ ಹಾಕಿದೆ. ಮುಂದಿನ ಸಭೆಯಲ್ಲಿ, ಯಾರೂ ಕರೆಯದಿದ್ದರೂ ಎದ್ದು ನಿಂತು ಆ ಹೆಂಗಸರ ಮಾತುಗಳನ್ನು ಓದಿದೆ. ಅಧಿಕಾರಿ ಎರಡು ಸಲ “ಸಾಕು” ಅಂದರು. ಆದರೂ ಕೊನೆಯವರೆಗೆ ಓದಿದೆ.

ದೂರದ ಮನೆಗಳಿಗೆ ಊಟ ಒಯ್ಯಬಹುದು ಎಂಬ ಆದೇಶ ಬಂತು, ಅದೂ ಕೆಲವೇ ಹಳ್ಳಿಗಳಿಗೆ, ಪ್ರಯೋಗಕ್ಕೆಂದು. ಅಷ್ಟು ಹೊತ್ತಿಗೆ ಅವಳ ಮಗು ನಡೆಯಲು ಕಲಿತಿತ್ತು. ಫೋನ್ ಮಾಡಿ ತಿಳಿಸಿದೆ.

“ಮುಂದಿನವ್ರಿಗಾದ್ರೂ ಆಯ್ತಲ್ಲ, ಬುಡಿ ಅಕ್ಕ” ಅಂದಳು.

ಹಾಗೆ ಬಿಡಲು ನನ್ನಿಂದ ಇಂದಿಗೂ ಆಗಿಲ್ಲ.