ಗಂಡಸರ ವಾರ್ಡಿನ ನರ್ಸಣ್ಣ

ಬೆಳಗಿನ ಐದೂವರೆ. ಗಂಡಸರ ವಾರ್ಡಿನಲ್ಲಿ ಇನ್ನೂ ಒಂದೇ ದೀಪ. ಏಳನೇ ಮಂಚದ ಲಾರಿ ಚಾಲಕರಿಗೆ ಕಾಲಿನ ಆಪರೇಷನ್ ಆಗಿ ಆರು ದಿನ. ಸುತ್ತ ಪರದೆ ಎಳೆದು, ಬೋಗುಣಿಯ ನೀರಿಗೆ ಮೊಣಕೈ ಅದ್ದಿ ಬಿಸಿ ನೋಡುತ್ತಾರೆ ನರ್ಸಣ್ಣ. ಆಮೇಲೆ ಮೈಕೆಳಗಿನ ಬಟ್ಟೆಯ ಅಂಚು ಹಿಡಿದು, ಆ ಭಾರೀ ಆಳನ್ನು ನೋವಾಗದಂತೆ ಮಗ್ಗುಲಿಗೆ ಹೊರಳಿಸುತ್ತಾರೆ.

"ಮನುಷ್ಯನನ್ನ ಎಳೀಬಾರದು, ಬಟ್ಟೆ ಎಳೀಬೇಕು. ದೊಡ್ಡ ಸಿಸ್ಟರ್ ಹೇಳಿಕೊಟ್ಟಿದ್ದು."

ದೊಡ್ಡ ಸಿಸ್ಟರ್ ಅಂದರೆ ಮೂವತ್ತಾರು ವರ್ಷದ ಹಿಂದೆ ಪಾಠ ಹೇಳಿದ ಗುರು. ನಲವತ್ತೊಂದು ಜನರ ತರಗತಿಯಲ್ಲಿ ನರ್ಸಣ್ಣ ಒಬ್ಬರೇ ಗಂಡು. ಹಾಸ್ಟೆಲಿನಲ್ಲಿ ಜಾಗವಿಲ್ಲ, ಒಗೆದ ಬಟ್ಟೆ ಇಡುವ ಕೋಣೆಯಲ್ಲೇ ಮೂರು ವರ್ಷ ಮಲಗಿದರು. ಈಗಲೂ ಇಸ್ತ್ರಿ ಅಂಗಡಿಯ ಮುಂದೆ ಹಾದರೆ ಆ ಬೆಚ್ಚನೆಯ ವಾಸನೆಗೆ ಒಂದು ಗಳಿಗೆ ನಿಂತುಬಿಡುತ್ತಾರಂತೆ. ಆಸ್ಪತ್ರೆಯ ದರ್ಜಿ ಹೆಂಗಸರ ಅಂಗಿ ಬಿಟ್ಟು ಬೇರೇನೂ ಹೊಲಿದವರಲ್ಲ. ಇವರ ಮೊದಲ ಬಿಳಿಯಂಗಿಗೂ ಗುಂಡಿ ಎಡಗಡೆಗೇ ಬಂತು.

"ಅದೇ ರೂಢಿಯಾಗೋಯ್ತು. ಈಗ ಮನೆ ಅಂಗಿಗೂ ಹಾಗೇ ಹೊಲಿಸ್ಕೋತೀನಿ. 'ಇದು ನಂದಾ ನಿಮ್ದಾ' ಅಂತ ನಮ್ಮನೆಯವಳು ಕಿಚಾಯಿಸ್ತಾಳೆ."

ಇವರ ಅಪ್ಪ ಮಾತ್ರ ನಗಲಿಲ್ಲ, ಮಗ ನರ್ಸಿಂಗ್ ಸೇರಿದ್ದಕ್ಕೆ ಎರಡು ವರ್ಷ ಮಾತೇ ಬಿಟ್ಟರು. ಕೊನೆಗಾಲದಲ್ಲಿ ಹಾಸಿಗೆ ಹಿಡಿದಾಗ, ಮೈ ಒರೆಸಲು ಈ ಮಗನನ್ನು ಬಿಟ್ಟು ಇನ್ಯಾರನ್ನೂ ಹತ್ತಿರ ಸೇರಿಸಲಿಲ್ಲ.

ಮೂವತ್ತೆರಡು ಮಂಚ, ದಿನಕ್ಕೆ ಇಪ್ಪತ್ತು ಡ್ರೆಸ್ಸಿಂಗ್, ಎಂಟ್ಹತ್ತು ಜನರಿಗೆ ಸ್ನಾನ. ಸಿಸ್ಟರುಗಳ ಹತ್ತಿರ ಹೇಳಿಕೊಳ್ಳಲಾರದೆ, ಇವರು ಬರುವ ತನಕ ಮೂತ್ರ ತಡೆದುಕೊಂಡು ಒದ್ದಾಡುವ ಮಹಾನುಭಾವರೂ ಉಂಟು. ತಿಂಗಳು ಮುಗಿದರೆ ನರ್ಸಣ್ಣನಿಗೆ ನಿವೃತ್ತಿ. ಆಮೇಲೆ ಈ ವಾರ್ಡಿಗೆ ಗಂಡಸು ನರ್ಸ್ ಇಲ್ಲ. ನರ್ಸಿಂಗ್ ಶಾಲೆಗೆ ಈ ಸಲ ಆಯ್ಕೆಯಾದ ಗಂಡು ಒಬ್ಬನೇ. ಅವನು ಇದೇ ಏಳನೇ ಮಂಚದವರ ತಮ್ಮ. ಸೇರಲು ಶನಿವಾರ ಕೊನೆ ದಿನ. ಸಾಕಿ ಬೆಳೆಸಿದ ಅಣ್ಣನೇ ಒಪ್ಪುತ್ತಿಲ್ಲ.

"ನಮ್ಮ ಭಾವ ಫೋನ್ ಮಾಡಿ, 'ಸೇರಿಸು, ಜೊತೆಗೆ ಬಳೇನೂ ತೊಡಿಸು' ಅಂತಾನೆ," ಎನ್ನುತ್ತಾರೆ ಚಾಲಕರು. "ನಾಲ್ಕು ಜನಕ್ಕೆ ನಾನು ಏನಂತ ಹೇಳ್ಲಿ?"

ನರ್ಸಣ್ಣ ಬಟ್ಟೆ ಹಿಂಡಿ ಬೆನ್ನು ಒರೆಸುತ್ತಾರೆ. "ಮುಂದಿನ ತಿಂಗಳು ನಾನಿರಲ್ಲ ಯಜಮಾನ್ರೇ."

"ಹಾಗಾದ್ರೆ ಅಷ್ಟರೊಳಗೆ ನನ್ನನ್ನ ಮನೆಗೆ ಕಳಿಸಿಬಿಡಿ."

"ಎಲ್ಲರದ್ದೂ ಇದೇ ಕಥೆ. ಮಲಗಿದಾಗ ನೋಡ್ಕೊಳ್ಳೋಕೆ ಗಂಡಸು ಬೇಕು. ಆದ್ರೆ ನಮ್ಮನೆಯವನು ಬೇಡ, ಪಕ್ಕದ ಮನೆಯವನು ಬರಲಿ."

ಎಂಟನೇ ಮಂಚದ ಮೇಷ್ಟ್ರು ಪರದೆಯ ಆಚೆಯಿಂದ ಕಿಸಕ್ಕೆಂದು ನಗುತ್ತಾರೆ. ಚಾಲಕರು ನಗುವುದಿಲ್ಲ. ಬೆನ್ನಿಗೆ ಪೌಡರು ಹಚ್ಚಿ, ಅಂಗಿ ತೊಡಿಸಿ, ನರ್ಸಣ್ಣ ದಿಂಬು ಸರಿಮಾಡುವಾಗ ಚಾಲಕರು ಕೇಳುತ್ತಾರೆ: "ತಮ್ಮಂದು ಗ್ಯಾರೇಜಿನಲ್ಲಿ ಪಳಗಿದ ಕೈ, ಸ್ವಲ್ಪ ಒರಟು. ಪರವಾಗಿಲ್ವಾ?"

"ನಂದೂ ಒರಟೇ ಇತ್ತು," ಎನ್ನುತ್ತಾರೆ ನರ್ಸಣ್ಣ, ಬೋಗುಣಿ ಎತ್ತಿಕೊಳ್ಳುತ್ತ. "ಕಳಿಸಿ. ಮೆದು ಮಾಡೋಕೆ ಮಂಚದ ಮೇಲೆ ನೀವೆಲ್ಲ ಇದ್ದೀರಲ್ಲ."