ಮೂರನೇ ಸ್ಕ್ರೀನಿನ ಅಕ್ಷತೆ

ಏರ್‌ಪೋರ್ಟ್ ಕೆಲಸಕ್ಕೆಂದು ಕೊಂಡ ಲ್ಯಾಪ್‌ಟಾಪಿನ ಸ್ಕ್ರೀನ್ ಮೂರನೇ ಸಲ ಬಿರುಕು ಬಿಟ್ಟಿತ್ತು. ದೇವನಹಳ್ಳಿಯ ನಮ್ಮ ಮನೆಗೆ ಕಂಪನಿಯಿಂದ ರಿಪೇರಿಗೆ ಬಂದ ಮುನಿರಾಜು ಮೇಲೆ, "ಎಂಥಾ ಡಬ್ಬಾ ಮಾಲು ಮಾರ್ತೀರ್ರೀ!" ಅಂತ ರೇಗಿಬಿಟ್ಟೆ. ಅವರು ಕೀಬೋರ್ಡಿನ ಸಂದಿಯಿಂದ ಅರಿಶಿನ ಹಚ್ಚಿದ ಒಂದು ಅಕ್ಕಿಕಾಳು ಎತ್ತಿ ನನ್ನ ಅಂಗೈಗೆ ಹಾಕಿದರು.

ಅಕ್ಷತೆ! ಹೊಸದಾಗಿ ತಂದಾಗ, ಆಮೇಲೆ ಪ್ರತಿ ಸಲ ರಿಪೇರಿಯಾದಾಗ, ಕೆಡದಿರಲಿ ಅಂತ ಅಮ್ಮ ಪೂಜೆ ಮಾಡಿ ಹಾಕ್ತಿದ್ದದ್ದು. ನಾನು ನೋಡದೆ ಅದರ ಮೇಲೇ ಲ್ಯಾಪ್‌ಟಾಪ್ ಮುಚ್ಚಿ ಅದುಮುತ್ತಿದ್ದೆ; ಕಾಳು ಒತ್ತಿ ಸ್ಕ್ರೀನ್ ಬಿರುಕು ಬಿಡುತ್ತಿತ್ತು.

"ಇದನ್ನ ರಿಪೋರ್ಟಲ್ಲಿ ಬರೆದ್ರೆ ವಾರಂಟಿ ಸಿಗಲ್ಲ ಸಾರ್," ಅಂದರು ಮುನಿರಾಜು. ಬರೆಯಲಿಲ್ಲ, ಹೊಸ ಸ್ಕ್ರೀನ್ ಹಾಕಿದರು. ಕಾಫಿ ತಂದ ಅಮ್ಮನಿಗೆ, "ಇನ್ಮೇಲೆ ಅಕ್ಷತೆ ಮಗನ ತಲೆಗೆ ಹಾಕಿ ಅಮ್ಮಾ, ಅದು ಗಟ್ಟಿಯಾಗಿದೆ," ಅಂದರು.

ಅಮ್ಮ ಒಳಗಿಂದ ಅಕ್ಷತೆ ತಂದೇಬಿಟ್ಟಳು. ಮೊದಲು ಹಾಕಿದ್ದು ಮಾತ್ರ ಮುನಿರಾಜು ತಲೆಗೆ.